ಎರಡು ಗುರುತು ಸೇರುವಲ್ಲಿ

“ಮೌಸ್ ಮೇಲಿಂದ ಕೈ ತೆಗೆಯಮ್ಮ,” ಎಂದರು ಔನೆ ಕಾಸ್ಕಿ. “ಮೊದಲು ಆ ಮನುಷ್ಯ ಎಂಥವನು ಅಂತ ಹೇಳು. ಹುಡುಕೋದು ಆಮೇಲೆ.”

ಹೆಲ್ವಿ ರಾಸಿಲಾ ಕೈ ಹಿಂದಕ್ಕೆ ತೆಗೆದುಕೊಂಡಳು. ತಂಪೆರೆ ನಗರದ ಪೊಲೀಸ್ ತನಿಖಾ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕಳೆದವಳಿಗೆ ಹೀಗೆ ಅಪ್ಪಣೆ ಮಾಡುವವರು ಅಪರೂಪ. ಎದುರಿಗಿದ್ದ ಅರವತ್ತಮೂರರ ಹೆಂಗಸು ಆಪರೇಷನ್ ಆದ ಮಂಡಿಯನ್ನು ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಚಾಚಿ ಕೂತಿದ್ದರು. ಎರಡು ತಿಂಗಳ ರಜೆ ಮುಗಿಸಿ ಇವತ್ತೇ ಕೆಲಸಕ್ಕೆ ಬಂದವರು. ಬಂದ ಅರ್ಧ ಗಂಟೆಯಲ್ಲಿ ಪೊಲೀಸರು ಬಾಗಿಲು ತಟ್ಟಿದ್ದರೂ ಅವರ ಕೈಯ ಕಾಫಿ ಒಂದು ಹನಿಯೂ ತುಳುಕಿರಲಿಲ್ಲ.

ತೈಸ್ತೊ ಹೊಂಕಾ ನ್ಯಾಸಿ ಸರೋವರದಲ್ಲಿ ದೋಣಿಯಿಂದ ಬಿದ್ದು ಸತ್ತು ಮೂರು ವಾರವಾಗಿತ್ತು. ನೀರು ಸೋಕಿದೊಡನೆ ತಾನಾಗಿ ಉಬ್ಬಬೇಕಿದ್ದ ಲೈಫ್ ಜಾಕೆಟ್ ಅವನ ಮೈಮೇಲೆ ಚಪ್ಪಟೆಯಾಗಿಯೇ ಉಳಿದಿತ್ತು.

ಜಾಕೆಟ್ಟು ಹೈಲುಮಾ ಬ್ರ್ಯಾಂಡಿನದು. ಒಳಗಿನ ಗಾಳಿ ಸಿಲಿಂಡರಿಗೆ ತುಕ್ಕು ಹಿಡಿಯುತ್ತದೆಂದು ಎರಡು ವರ್ಷದ ಹಿಂದೆ ಹೈಲುಮಾದವರೇ ಅವನ್ನೆಲ್ಲ ಮಾರಾಟದಿಂದ ತೆಗೆಸಿ, ಸುಟ್ಟುಹಾಕಲು ಹೇಳಿದ್ದರು. ತೈಸ್ತೊ ಅದನ್ನು ಕೊಂಡದ್ದು ‘ಲೈತುರಿ’ ಎಂಬ ಈ ಆನ್‌ಲೈನ್ ಅಂಗಡಿಯಲ್ಲೇ ಎಂದು ಅವನ ಹೆಂಡತಿ ಆಣೆಯಿಟ್ಟು ಹೇಳುತ್ತಿದ್ದಳು. ಆದರೆ ಅದು ಬಂದ ಪೆಟ್ಟಿಗೆಯನ್ನು ಅವಳೇ ಹಬೆಸ್ನಾನದ ಸೌನಾ ಒಲೆಗೆ ಹಾಕಿ ಉರಿಸಿಬಿಟ್ಟಿದ್ದಳು. ಬ್ಯಾಂಕಿನ ಕಾಗದದಲ್ಲಿ ಅಂಗಡಿಯ ಹೆಸರಿತ್ತೇ ಹೊರತು ವಸ್ತುವಿನ ಹೆಸರಿರಲಿಲ್ಲ. ಅಂಗಡಿಯವರೋ, ಅವನು ಕೊಂಡದ್ದು ಬೂಟು, ಅಂಥ ಜಾಕೆಟ್ಟು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಪಟ್ಟು ಹಿಡಿದಿದ್ದರು.

“ಎಂಥವನು ಅಂದ್ರೆ?” ಹೆಲ್ವಿ ಕೇಳಿದಳು. “ರಿಟೈರ್ ಆದ ಬಸ್ ಡ್ರೈವರು. ಮೀನು ಹಿಡಿಯೋ ಹುಚ್ಚು. ಮಾತು ಕಮ್ಮಿ.”

“ನಮ್ಮೂರಲ್ಲಿ ಅರ್ಧ ಗಂಡಸರು ಹಾಗೇ ಇದ್ದಾರೆ. ಮೈಮೇಲೆ ಏನು ಹಾಕ್ಕೋತಿದ್ದ?”

ಹೆಲ್ವಿ ಫೈಲು ಬಿಚ್ಚಿ ಫೋಟೋ ಮುಂದಿಟ್ಟಳು. ಬೂಟು, ಟೋಪಿ, ಕೈಗವಸು, ಎಲ್ಲದರ ಮೇಲೂ ಹೈಲುಮಾದ ನೀಲಿ ಅಲೆಯ ಗುರುತು. “ಬೇರೆ ಕಂಪನಿಯ ಕಾಲುಚೀಲ ತಂದುಕೊಟ್ರೂ ಮುಖ ಊದಿಸ್ಕೋತಿದ್ನಂತೆ. ಹೆಂಡತಿ ಹೇಳಿದ್ದು.”

ಔನೆ ಭೂತಗನ್ನಡಿ ಹಿಡಿದು ಫೋಟೋವನ್ನು ಮೂಲೆಯಿಂದ ಮೂಲೆಗೆ ನೋಡಿದರು.

“ಹಾಗಾದ್ರೆ ಅವನು ಲೈಫ್ ಜಾಕೆಟ್ ಪಟ್ಟಿ ನೋಡೇ ಇಲ್ಲ. ಅರವತ್ತೆರಡು ಜಾಕೆಟ್ಟು ನೋಡ್ತಾ ಕೂರೋ ತಾಳ್ಮೆ ಇಂಥವರಿಗೆಲ್ಲಿ? ಹೈಲುಮಾದ ಪಟ್ಟಿನೂ ಪೂರ್ತಿ ನೋಡಿಲ್ಲ. ಅದರಲ್ಲಿರೋ ಬೂಟು, ಟೋಪಿ ಆಗ್ಲೇ ಅವನ ಹತ್ರ ಇದ್ವು. ಅವನು ಪುಟದ ಎಡಗಡೆ ಎರಡಕ್ಕೂ ಒಟ್ಟಿಗೆ ಗುರುತು ಹಾಕಿದ್ದಾನೆ. ಬ್ರ್ಯಾಂಡು ಇದು, ವಿಭಾಗ ಇದು, ಇದ್ರೆ ತೋರ್ಸು, ಇಲ್ದಿದ್ರೆ ಬಿಡು. ಅಷ್ಟೇ.”

ಹೆಲ್ವಿ ಫೋಟೋವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಮೂರು ವಾರದಿಂದ ಅವಳು ಈ ಮನುಷ್ಯನ ಬದುಕನ್ನು ಜಾಲಾಡಿದ್ದಳು. ದೋಣಿ ಬಿಚ್ಚಿ ನೋಡಿದ್ದಳು, ಅಕ್ಕಪಕ್ಕದವರ ಮಾತು ಬರೆದುಕೊಂಡಿದ್ದಳು. ಅವನ ಬೆರಳು ಪರದೆಯ ಮೇಲೆ ಹೇಗೆ ಓಡಿದ್ದೀತು ಎಂದು ಒಂದೇ ಫೋಟೋದಿಂದ ಹೇಳುವವರು ಸಿಕ್ಕಿದ್ದು ಇವತ್ತು.

ಕೋಣೆ ಹಳೆಯ ಬಟ್ಟೆ ಗಿರಣಿಯ ಮೂರನೇ ಮಹಡಿಯಲ್ಲಿತ್ತು. ಕಿಟಕಿಯ ಕೆಳಗೆ ತೊರೆಯ ನೀರು ಭೋರೆನ್ನುತ್ತಿತ್ತು. ಮೇಜಿನ ಮೇಲೆ ತಕ್ಕಡಿ, ಅಳತೆಯ ಟೇಪು, ಉಪ್ಪುಕಹಿ ಮಿಠಾಯಿಯ ಡಬ್ಬಿ. ಗೋಡೆಯುದ್ದಕ್ಕೂ ಕಪಾಟುಗಳು, ಅವುಗಳಲ್ಲಿ ಇನ್ನೂ ಹೆಸರು ಪಡೆಯದ ವಸ್ತುಗಳು ಸರದಿ ಕಾಯುತ್ತಿದ್ದವು.

ಲೈತುರಿಯಲ್ಲಿ ಹನ್ನೊಂದು ಸಾವಿರ ವಸ್ತುಗಳಿದ್ದವು. ಒಂದೊಂದೂ ಔನೆಯ ಕೈ ದಾಟಿಯೇ ಹೋಗಬೇಕು. ಇಪ್ಪತ್ತಾರು ವರ್ಷ ಊರಿನ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಜಾಗ ತೋರಿಸಿದವರು, ಎಂಟು ವರ್ಷದಿಂದ ಇಲ್ಲಿ ಬೂಟು, ಗಾಳ, ಟೆಂಟುಗಳಿಗೆ ತೋರಿಸುತ್ತಿದ್ದರು. ಒಳಗೆ ಹೊಲಿದ ಚೀಟಿಯನ್ನು ಕಣ್ಣಾರೆ ನೋಡದೆ ಅವರು ಬ್ರ್ಯಾಂಡಿನ ಗುರುತು ಹಾಕುತ್ತಿರಲಿಲ್ಲ. ಬಳಸಿ ನೋಡದೆ ವಿಭಾಗದ ಗುರುತು ಹಾಕುತ್ತಿರಲಿಲ್ಲ. ಎರಡೂ ಗುರುತು ಬೀಳದ ವಸ್ತುವನ್ನು ಗೋದಾಮಿನ ಯಂತ್ರ ಹೊರಗೇ ಬಿಡುತ್ತಿರಲಿಲ್ಲ.

“ಒಂದ್ಸಲ ಒಂದು ಸ್ಟೂಲು ಬಂತು,” ಔನೆ ಕೀಲಿಮಣೆ ಎಳೆದುಕೊಳ್ಳುತ್ತ ಹೇಳಿದರು. “ಮಂಜುಗಡ್ಡೆ ಮೇಲೆ ಕೂತು ಮೀನು ಹಿಡಿಯೋರಿಗೆ. ಬೆನ್ನಿಗೆ ಹಾಕ್ಕೊಂಡ್ರೆ ಚೀಲ, ಇಳಿಸಿದ್ರೆ ಸ್ಟೂಲು. ಚೀಲದ ವಿಭಾಗಕ್ಕೆ ಹಾಕಿ ಅಂದ್ರು ಮೇಲಿನವರು, ಅಲ್ಲಿ ಜನ ಜಾಸ್ತಿ ಅಂತ. ನಾನು ಫೆಬ್ರವರಿಲಿ ಸರೋವರದ ಮೇಲೆ ಒಂದು ಗಂಟೆ ಅದರ ಮೇಲೆ ಕೂತೆ.”

“ಏನು ಗೊತ್ತಾಯ್ತು?”

“ಹಿಂಭಾಗ ಮರಗಟ್ಟಿ ಹೋಯ್ತು. ಆದ್ರೆ ಅದು ಸ್ಟೂಲೇ ಅನ್ನೋದು ಖಾತ್ರಿ ಆಯ್ತು.” ಔನೆ ನಗಲಿಲ್ಲ. “ವಸ್ತು ಇರ್ಬೇಕಾದ್ದು ಕೊಳ್ಳೋನು ಹುಡ್ಕೋ ಕಡೆ, ಮಾರೋನಿಗೆ ಲಾಭ ಇರೋ ಕಡೆ ಅಲ್ಲ.”

ಹೆಲ್ವಿ ನಕ್ಕುಬಿಟ್ಟಳು. ತೈಸ್ತೊ ಸತ್ತ ಮೇಲೆ ಅವಳು ಈ ಮೊಕದ್ದಮೆಯಲ್ಲಿ ನಕ್ಕದ್ದು ಇದೇ ಮೊದಲು.

ಆಗ ಬಾಗಿಲು ತೆರೆಯಿತು.

ಒಳಗೆ ಬಂದವನು ರೈನೆ ಸಾರ್ವಿ, ಲೈತುರಿಯ ಪಾಲುದಾರ, ಖರೀದಿಯೆಲ್ಲ ಅವನದೇ. ಕೈಯಲ್ಲಿ ಏಲಕ್ಕಿ ಬನ್ನುಗಳ ಪೊಟ್ಟಣ.

“ಔನೆ, ವಾಪಸ್ ಬಂದ್ರಲ್ಲ, ಸದ್ಯ! ನೀವಿಲ್ದೆ ಇಲ್ಲಿ ಎಲ್ಲ ಅಯೋಮಯ,” ಎನ್ನುತ್ತ ಬಂದವನು ಹೆಲ್ವಿಯನ್ನು ಕಂಡು ನಿಂತ. “ಓಹೋ. ಇವರೂ ಇದ್ದಾರೆ. ಮತ್ತೆ ಅದೇ ಜಾಕೆಟ್ಟಾ?”

“ಅದೇ,” ಎಂದಳು ಹೆಲ್ವಿ. “ಕೂತ್ಕೊಳ್ಳಿ.”

“ನಿಂತೇ ತೋರಿಸ್ತೀನಿ. ಎಷ್ಟು ಸಲ ತೋರಿಸ್ಬೇಕೋ ತೋರಿಸ್ತೀನಿ.” ಅವನು ಬಗ್ಗಿ ಅಂಗಡಿಯ ಪುಟ ತೆರೆದ. “ಇಗೋ, ಲೈಫ್ ಜಾಕೆಟ್ ವಿಭಾಗ. ಅರವತ್ತೆರಡು ಇವೆ. ಒಂದಾದ್ರೂ ಹೈಲುಮಾ ಇದ್ಯಾ, ನೋಡಿ. ಇಲ್ಲ. ಸರಿ. ಇಗೋ, ಹೈಲುಮಾ ಬ್ರ್ಯಾಂಡು. ಬೂಟು, ಟೋಪಿ, ಕೈಗವಸು, ಮಳೆ ಅಂಗಿ. ಒಂದಾದ್ರೂ ಲೈಫ್ ಜಾಕೆಟ್ ಇದ್ಯಾ? ಇಲ್ಲ. ಇನ್ನೇನು ಬೇಕು?”

“ಎರಡಕ್ಕೂ ಒಟ್ಟಿಗೆ ಗುರುತು ಹಾಕಿ,” ಎಂದಳು ಹೆಲ್ವಿ.

ರೈನೆ ಅವಳನ್ನು ವಿಚಿತ್ರವಾಗಿ ನೋಡಿದ. “ಯಾಕೆ?”

“ಸುಮ್ನೆ.”

“ಮೇಡಂ, ಇದು ಒಂದನೇ ಕ್ಲಾಸಿನ ಲೆಕ್ಕ. ಈ ಪಟ್ಟೀಲೂ ಇಲ್ಲ, ಆ ಪಟ್ಟೀಲೂ ಇಲ್ಲ. ಎರಡರಲ್ಲೂ ಇಲ್ದೇ ಇರೋದು ಎರಡೂ ಸೇರೋ ಕಡೆ ಎಲ್ಲಿಂದ ಬರುತ್ತೆ? ಆಕಾಶದಿಂದ ಉದುರುತ್ತಾ?”

ಅವನ ಮಾತಿನಲ್ಲಿ ಹುರುಳಿತ್ತು. ನಿನ್ನೆಯವರೆಗೆ ಹೆಲ್ವಿಯೂ ಹಾಗೇ ಅಂದುಕೊಂಡಿದ್ದಳು. ಆದ್ದರಿಂದಲೇ ಎರಡು ಪಟ್ಟಿಗಳನ್ನು ಬೇರೆಬೇರೆಯಾಗಿ ನೂರು ಸಲ ನೋಡಿದವಳು ಒಟ್ಟಿಗೆ ಒಮ್ಮೆಯೂ ನೋಡಿರಲಿಲ್ಲ.

ಔನೆ ಮೌಸ್ ಹಿಡಿದರು. ಎಡಗಡೆಯ ಅಂಕಣದಲ್ಲಿ ಬ್ರ್ಯಾಂಡುಗಳ ಸಾಲು. ಹೈಲುಮಾದ ಮುಂದೆ ಒಂದು ಗುರುತು. ಅದರ ಕೆಳಗೆ ವಿಭಾಗಗಳ ಸಾಲು. ಲೈಫ್ ಜಾಕೆಟ್‌ನ ಮುಂದೆ ಇನ್ನೊಂದು.

ಪುಟ ಬೆಳ್ಳಗಾಯಿತು. ಒಂದು ಕ್ಷಣ ಏನೂ ಇರಲಿಲ್ಲ.

ಆಮೇಲೆ ಮೇಲ್ತುದಿಯಲ್ಲಿ ಒಂದು ಸಾಲು ಮೂಡಿತು: ‘ಸಿಕ್ಕ ವಸ್ತು: 1.’

ಅದರ ಕೆಳಗೆ ಕೆಂಪು ಜಾಕೆಟ್ಟು. ಎದೆಯ ಮೇಲೆ ನೀಲಿ ಅಲೆ. ತೈಸ್ತೊನ ಮೈಯಿಂದ ಕತ್ತರಿಸಿ ತೆಗೆದದ್ದು ಇಂಥದ್ದೇ.

ಬನ್ನಿನ ಪೊಟ್ಟಣವನ್ನು ರೈನೆ ಎದೆಗೊತ್ತಿ ಹಿಡಿದುಕೊಂಡಿದ್ದ. ಅದರಿಂದ ಸಕ್ಕರೆ ಉದುರುತ್ತಿದ್ದದ್ದು ಅವನಿಗೆ ಗೊತ್ತಾಗಲಿಲ್ಲ.

“ಇದು... ಇದು ಹೇಗೆ...”

“ಹೇಗೆ ಅಂತ ನಾನು ಹೇಳ್ತೀನಿ ರೈನೆ,” ಔನೆ ಕುರ್ಚಿಯನ್ನು ಅವನ ಕಡೆ ತಿರುಗಿಸಿದರು. “ಬ್ರ್ಯಾಂಡ್ ಒಂದನ್ನೇ, ಇಲ್ಲಾ ವಿಭಾಗ ಒಂದನ್ನೇ ಒತ್ತೋರು ಸಾವಿರಾರು ಜನ. ಅದಕ್ಕೆ ಆ ಪಟ್ಟಿಗಳು ಬೆಳಗ್ಗೆನೇ ಸಿದ್ಧವಾಗಿರ್ತಾವೆ. ಯಾವುದು ಮೇಲಿರ್ಬೇಕು, ಯಾವುದನ್ನ ತೆಗೀಬೇಕು ಅಂತ ಕೈಯಾಡ್ಸೋ ಅಧಿಕಾರ ನಿನಗಿದೆ. ಆದ್ರೆ ಎರಡಕ್ಕೂ ಗುರುತು ಹಾಕಿದ್ರೆ ಸಿದ್ಧ ಪಟ್ಟಿ ಇರಲ್ಲ. ಯಂತ್ರ ಗೋದಾಮಿನ ಮೂಲ ದಫ್ತರಕ್ಕೇ ಹೋಗಿ ಒಂದೊಂದು ವಸ್ತುವನ್ನೂ ಕೇಳುತ್ತೆ: ನೀನು ಹೈಲುಮಾನಾ? ನೀನು ಲೈಫ್ ಜಾಕೆಟ್ಟಾ? ಎರಡಕ್ಕೂ ಹೌದು ಅಂದಿದ್ದನ್ನ ಕರ್ಕೊಂಡು ಬರುತ್ತೆ. ನಿನ್ನ ಪಟ್ಟಿ ಅದಕ್ಕೆ ಗೊತ್ತೇ ಇಲ್ಲ.”

“ಹಾಗೆ ಮಾಡಿದ್ದು ಯಾರು?” ಹೆಲ್ವಿ ಕೇಳಿದಳು.

“ನಾನೇ ಹಟ ಹಿಡಿದೆ. ಅಂಗಡಿ ಶುರುವಾದ ವರ್ಷ. ಇದಕ್ಕೂ ಸಿದ್ಧ ಪಟ್ಟಿ ಮಾಡೋಣ, ಬೇಗ ಆಗುತ್ತೆ ಅಂದ್ರು ಸಾಫ್ಟ್‌ವೇರ್ ಮಾಡ್ಕೊಟ್ಟ ಹುಡುಗರು. ಬೇಡ ಅಂದೆ. ಎರಡು ಗುರುತು ಹಾಕೋನು ಸುಮ್ನೆ ಅಡ್ಡಾಡೋಕೆ ಬಂದಿರಲ್ಲ ಕಣಮ್ಮ. ತನಗೇನು ಬೇಕು ಅನ್ನೋದು ಅವನಿಗೆ ಗೊತ್ತಿರುತ್ತೆ. ಇದ್ಯೋ ಇಲ್ವೋ ಅಂತ ಬಾಯಿಬಿಟ್ಟು ಕೇಳಿದೋನಿಗೆ ಸುಳ್ಳು ಹೇಳ್ಬಾರ್ದು.”

ಗ್ರಂಥಾಲಯದ ಕೌಂಟರಿನ ಹಿಂದೆ ನಿಂತು ಸಾವಿರ ಸಲ ಇದೇ ಮಾತು ಹೇಳಿದವರಂತೆ ಔನೆ ಅದನ್ನು ಹೇಳಿದರು. ಹೆಲ್ವಿಗೆ ಎದ್ದು ನಿಂತು ಕೈಮುಗಿಯಬೇಕೆನಿಸಿತು. ಒಂದು ಅಂಗಡಿಯ ಪುಟದಲ್ಲಿ ಅಂಗೈಯಗಲದ ಜಾಗವೊಂದನ್ನು ಈಕೆ ಸತ್ಯಕ್ಕೆಂದೇ ಕಾದಿರಿಸಿದ್ದರು. ಎಂಟು ವರ್ಷ ಯಾರ ಗಮನಕ್ಕೂ ಬರದೆ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

“ರೈನೆ,” ಹೆಲ್ವಿಯ ಧ್ವನಿ ಈಗ ಬೇರೆಯಾಗಿತ್ತು. “ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿದ್ದು ಸಾಕು. ಹೇಳಿ.”

ಅವನು ಈಗ ಕೂತ. ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡ.

“ಬಚ್ಚಿಟ್ಟಿದ್ದು ನಾನೇ,” ಎಂದ ಕೊನೆಗೆ. “ಸುಡೋಕೆ ಕಳಿಸ್ಬೇಕಿತ್ತು. ಕಳಿಸಿದೀನಿ ಅಂತ ಕಾಗದಾನೂ ಮಾಡಿಸ್ದೆ. ಆದ್ರೆ ಹೊರಗಿನ ಒಬ್ಬ ವ್ಯಾಪಾರಿ ಎಲ್ಲಾನೂ ಒಟ್ಟಿಗೆ ತಗೋತೀನಿ ಅಂದ. ಅವನು ಬರೋವರೆಗೂ ಗೋದಾಮಲ್ಲಿರ್ಲಿ, ಯಾರ ಕಣ್ಣಿಗೂ ಬೀಳ್ದೇ ಇರ್ಲಿ ಅಂತ ಎರಡೂ ಪಟ್ಟಿಯಿಂದ ತೆಗ್ದೆ. ಆ ಮನುಷ್ಯ ಅದನ್ನ ಹೇಗೆ ಕಂಡುಹಿಡಿದ ಅನ್ನೋದು ಇವತ್ತಿನ ತನಕ ನಂಗೆ ಗೊತ್ತಿರ್ಲಿಲ್ಲ. ದೇವರಾಣೆ, ಅವನಿಗೆ ಮಾರ್ಬೇಕು ಅಂತ ಮಾರಿದ್ದಲ್ಲ.”

“ಅವನು ಸತ್ತ ಮೇಲೆ ಬೂಟಿನ ಬಿಲ್ಲು ಮಾಡಿಸಿದ್ದು?”

ರೈನೆ ತಲೆ ತಗ್ಗಿಸಿದ. “ಅದೂ ನಾನೇ.”

ಔನೆ ಇವರ ಮಾತು ಕೇಳುತ್ತಿರಲಿಲ್ಲ. ಕೆಂಪು ಜಾಕೆಟ್ಟಿನ ಮೂಲ ದಾಖಲೆ ತೆರೆದು, ಮೂಗು ಪರದೆಗೆ ತಾಗುವಷ್ಟು ಬಗ್ಗಿದ್ದರು.

“ಎರಡೂ ಗುರುತು ಹಾಕಿದ್ದು ಯಾರು ರೈನೆ?”

“ಯಾರು ಅಂದ್ರೆ? ನೀವೇ.”

“ನಾನಾ?”

“ಮತ್ತಿನ್ಯಾರು! ನನಗೆ ಬ್ರ್ಯಾಂಡಿನ ಗುರುತು ಹಾಕೋಕೆ ಬರಲ್ಲ, ವಿಭಾಗದ್ದೂ ಬರಲ್ಲ. ಆ ಪಾಸ್‌ವರ್ಡಿನ ಕೀಲಿ ನಿಮ್ಮ ಹತ್ರ ಮಾತ್ರ ಇರೋದು. ಗುರುತಿಲ್ದೆ ಗೋದಾಮು ಏನನ್ನೂ ಹೊರಗೆ ಬಿಡಲ್ಲ ಅಂತ ನಿಮ್ಮ ಸ್ವಂತ ಇಮೇಲ್ ವಿಳಾಸಕ್ಕೆ ಬರೆದಿದ್ದೆ. ‘ಆಯಿತು’ ಅಂತ ಒಂದೇ ಮಾತಿನ ಉತ್ತರ ಬಂತು. ಮಾರನೇ ದಿನ ನೋಡಿದ್ರೆ ಗುರುತು ಬಿದ್ದಿತ್ತು.”

ಪರದೆಯ ಮೇಲೆ ಹೆಲ್ವಿಯೂ ಓದಿದಳು. ಗುರುತು ಹಾಕಿದವರು: ಔ. ಕಾ. ಏಪ್ರಿಲ್ ಹದಿನಾಲ್ಕು, ಬೆಳಗ್ಗೆ ಹನ್ನೊಂದು.

ಹೆಲ್ವಿ ತನಗೇ ಬೇಡವಾದ ಒಂದು ಯೋಚನೆಯೊಂದಿಗೆ ಔನೆಯ ಮುಖ ನೋಡಿದಳು. ಮೆಚ್ಚಿಕೊಂಡವರನ್ನು ಅನುಮಾನಿಸಬೇಕಾಗಿ ಬಂದಾಗ ಆಗುವ ಕಸಿವಿಸಿ ಅವಳಿಗೆ ಹೊಸದಲ್ಲ. ಆದರೆ ಇಷ್ಟು ಚುಚ್ಚಿದ್ದು ನೆನಪಿಲ್ಲ.

ಔನೆ ಅವಳ ಕಣ್ಣನ್ನು ತಪ್ಪಿಸಲಿಲ್ಲ.

“ಅನುಮಾನ ಪಡು. ಪಡಲೇಬೇಕು, ಅದು ನಿನ್ನ ಕೆಲಸ,” ಎಂದರು. “ಏಪ್ರಿಲ್ ಹದಿನಾಲ್ಕು ಬೆಳಗ್ಗೆ ಹನ್ನೊಂದಕ್ಕೆ ನನ್ನ ಮಂಡಿ ಡಾಕ್ಟರ ಕೈಯಲ್ಲಿತ್ತು, ನಾನು ಮತ್ತಿನಲ್ಲಿದ್ದೆ. ಆಸ್ಪತ್ರೇಲಿ ಕೇಳು. ಆದ್ರೆ ಅದಕ್ಕಿಂತ ಮೊದಲು ಇದನ್ನ ನೋಡು.” ಅವರ ಬೆರಳು ತೂಕದ ಸಾಲಿನ ಮೇಲೆ ನಿಂತಿತು. “ಒಂದು ಕಿಲೋ.”

“ಅದರಲ್ಲೇನು?”

“ಎಂಟು ವರ್ಷದಲ್ಲಿ ಹನ್ನೊಂದು ಸಾವಿರ ವಸ್ತು ತೂಗಿದೀನಿ. ಯಾವುದನ್ನಾದ್ರೂ ತೆಗೆದು ನೋಡು. ಒಂಬೈನೂರ ಎಂಬತ್ಮೂರು ಗ್ರಾಂ ಅಂತಿರುತ್ತೆ, ಸಾವಿರದ ಹನ್ನೆರಡು ಅಂತಿರುತ್ತೆ. ಒಂದು ಕಿಲೋ ಅಂತ ದುಂಡಗೆ ತೂಗೋ ಜಾಕೆಟ್ಟನ್ನ ದೇವರೂ ಹೊಲಿದಿಲ್ಲ. ಇದನ್ನ ಬರೆದೋರು ಜಾಕೆಟ್ಟನ್ನ ಕೈಯಲ್ಲಿ ಎತ್ತೇ ಇಲ್ಲ.”

ಹೆಲ್ವಿ ಯಾವ್ಯಾವುದೋ ಇಪ್ಪತ್ತು ದಾಖಲೆ ತೆರೆಸಿದಳು. ಟೆಂಟು, ಚಾಕು, ಗಾಳದ ದಾರ, ನಾಯಿಯ ಕೊರಳಪಟ್ಟಿ. ಇಪ್ಪತ್ತರಲ್ಲೂ ತೂಕ ಗ್ರಾಮಿನವರೆಗೆ ಬರೆದಿತ್ತು. ಅವಳ ಎದೆಯ ಮೇಲಿಂದ ಏನೋ ಇಳಿದಂತಾಯಿತು.

“ಹಾಗಾದ್ರೆ ನಿಮ್ಮ ಕೀಲಿ ಬೇರೆಯವರ ಹತ್ರ ಇದೆ.”

“ಇದೆ. ಅದನ್ನ ಒಂದೇ ಸಲ ಬಳಸಿದಾರಾ ಅನ್ನೋದು ಪ್ರಶ್ನೆ.”

ಔನೆ ಮತ್ತೆ ಎಡಗಡೆಯ ಅಂಕಣಕ್ಕೆ ಹೋದರು. ಹೈಲುಮಾದ ಮುಂದಿನ ಗುರುತನ್ನು ಹಾಗೇ ಬಿಟ್ಟು, ವಿಭಾಗಗಳಿಗೆ ಒಂದೊಂದಾಗಿ ಗುರುತು ಹಾಕಿ ತೆಗೆಯತೊಡಗಿದರು. ಬೂಟು: ಒಂಬತ್ತು. ಟೋಪಿ: ನಾಲ್ಕು. ಎಲ್ಲವೂ ಹಳೆಯವೇ, ಅವರೇ ತೂಗಿದವು. ಅವಸರವಿಲ್ಲದೆ, ಒಂದನ್ನೂ ಬಿಡದೆ, ಹೆಣಿಗೆಯಲ್ಲಿ ತಪ್ಪಿದ ಎಳೆ ಹುಡುಕುವವರಂತೆ ಅವರು ಹೋಗುತ್ತಿದ್ದರು.

‘ಮಕ್ಕಳ ಲೈಫ್ ಜಾಕೆಟ್’ ಎಂಬಲ್ಲಿ ಕೈ ನಿಂತಿತು.

ಸಿಕ್ಕ ವಸ್ತು: 1. ಬಣ್ಣ ಹಳದಿ. ತೂಕ ಅರ್ಧ ಕಿಲೋ.

“ಇಲ್ಲ!” ರೈನೆ ಕುರ್ಚಿಯಿಂದ ಎದ್ದೇಬಿಟ್ಟ. ಬನ್ನುಗಳು ನೆಲಕ್ಕೆ ಬಿದ್ದವು. “ಮಕ್ಕಳದ್ದನ್ನ ನಾನು ಮುಟ್ಟೇ ಇಲ್ಲ! ಅವೂ ಸುಡ್ಬೇಕಾದವೇ, ಗೋದಾಮಿನ ಹಿಂದೆ ಕಟ್ಟಿದ ಪೆಟ್ಟಿಗೇಲಿ ಹಾಗೇ ಇವೆ. ಯಂತ್ರಕ್ಕೆ ಸೇರಿಸೇ ಇಲ್ಲ ಅವನ್ನ!”

ಅವನ ಮುಖದ ಗಾಬರಿ ನಟನೆಯಾಗಿರಲಿಲ್ಲ. ಸುಳ್ಳುಗಾರರನ್ನು ನೋಡಿ ನೋಡಿ ಹೆಲ್ವಿಗೆ ಅಷ್ಟು ತಿಳಿಯುತ್ತಿತ್ತು.

“ಎಷ್ಟಿವೆ?” ಅವಳು ಔನೆಯನ್ನು ಕೇಳಿದಳು.

“ಇದ್ವು, ಇಪ್ಪತ್ನಾಲ್ಕು.” ಔನೆ ದಾಖಲೆ ತೆರೆದು ಓದಿದರು. “ಈಗ ಒಂದೂ ಇಲ್ಲ, ಖಾಲಿಯಾದದ್ದು ಅಂತಲೇ ಇವತ್ತಿನ ಸಿದ್ಧ ಪಟ್ಟೀಲಿ ಕಾಣ್ಲಿಲ್ಲ. ಗುರುತು ಬಿದ್ದಿರೋದು ಮೊನ್ನೆ. ನಿನ್ನೆ ಇಪ್ಪತ್ನಾಲ್ಕೂ ಒಂದೇ ವಿಳಾಸಕ್ಕೆ ಹೋಗಿವೆ. ಹೌಕಿಸಾರಿ ದೋಣಿ ಶಿಬಿರ.”

ಹೌಕಿಸಾರಿ ಸರೋವರದ ಉತ್ತರ ತುದಿಯ ದ್ವೀಪ. ಶಾಲೆಗೆ ರಜೆ ಬಿಟ್ಟು ಎರಡು ದಿನವಾಗಿತ್ತು. ಶಿಬಿರ ಶುರುವಾಗುವುದು ಇವತ್ತೇ.

ಹೆಲ್ವಿ ಆಗಲೇ ದಾಖಲೆಯಲ್ಲಿದ್ದ ಶಿಬಿರದ ನಂಬರು ಒತ್ತಿದ್ದಳು. ಎರಡು ಸಲ ಗಂಟೆ ಬಾರಿಸಿತು. ಮೂರು. ನಾಲ್ಕು. ಐದನೆಯದಕ್ಕೆ ಒಬ್ಬ ತರುಣಿಯ ಲವಲವಿಕೆಯ ಧ್ವನಿ, ಅದರ ಹಿಂದೆ ಗಾಳಿ, ಮಕ್ಕಳ ಗಲಾಟೆ.

“ಹೌಕಿಸಾರಿ ಶಿಬಿರ!”

“ಪೊಲೀಸ್. ಹೆಲ್ವಿ ರಾಸಿಲಾ. ನಿಮಗೆ ನಿನ್ನೆ ಹಳದಿ ಲೈಫ್ ಜಾಕೆಟ್ ಬಂದಿದ್ವಲ್ಲ, ಅವನ್ನ ಹಾಕ್ಕೊಂಡು ಒಂದು ಮಗೂನೂ ನೀರಿಗಿಳೀಬಾರ್ದು. ಕೇಳಿಸ್ತಾ? ಒಂದೂ ಇಳೀಬಾರ್ದು.”

“ಅಯ್ಯೋ, ಇನ್ನೂ ಯಾರೂ ಇಳಿದಿಲ್ಲ, ದೋಣಿ ಹತ್ತೋ ಹೊತ್ತು...” ಹುಡುಗಿ ತಡವರಿಸಿದಳು. “ಯಾಕೆ, ಏನಾಯ್ತು? ಅಂಗಡಿಯವರೇ ಬಂದು ಒಂದೊಂದನ್ನೂ ನೋಡಿ ಸರಿಯಿದೆ ಅಂದ್ರಲ್ಲ.”

“ಅಂಗಡಿಯವರಾ? ಯಾರು ಬಂದಿದ್ರು?”

ಹೆಲ್ವಿ ಫೋನಿನ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು. ತೊರೆಯ ಭೋರ್ಗರೆತದ ಮೇಲೆ ದ್ವೀಪದ ಗಾಳಿ ಕೋಣೆಯೊಳಗೆ ಬಂತು.

“ಲೈತುರಿಯಿಂದ ಒಬ್ಬರು ಅಮ್ಮ, ಬೆಳಗಿನ ದೋಣೀಲಿ ಬಂದ್ರು. ರಶೀದಿಗೆ ಸಹೀನೂ ಹಾಕಿದಾರೆ, ತಾಳಿ, ಓದ್ತೀನಿ... ಔನೆ ಕಾಸ್ಕಿ.”

ಮೌಸಿನ ಮೇಲಿದ್ದ ಔನೆಯ ಕೈ ಅಲ್ಲೇ ನಿಂತಿತ್ತು.

“ಎಲ್ಲೂ ಹೋಗಿಲ್ಲ ಅವರು,” ಎಂದಳು ಹುಡುಗಿ. “ಇಲ್ಲೇ ದಡದಲ್ಲಿ ಮಕ್ಕಳಿಗೆ ಜಾಕೆಟ್ ಕಟ್ತಾ ಇದಾರೆ. ಫೋನ್ ಕೊಡ್ಲಾ?”